ಕ್ಯಾಲಿಫೋರ್ನಿಯಾದ ಓಕ್ ಕಾವಲುಗಳೂ ಈಸ್‌ಮೆಂಟ್ ಪತ್ರಗಳೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಕ್ಯಾಲಿಫೋರ್ನಿಯಾದ ಬೆಟ್ಟದ ತಪ್ಪಲುಗಳಲ್ಲಿ ವಿರಳವಾದ ಓಕ್ ಮರಗಳೂ ಅವುಗಳ ಕೆಳಗೆ ಹುಲ್ಲುಗಾವಲೂ ಹಬ್ಬಿಕೊಂಡಿರುವುವು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಗೆಯಲ್ಲಿ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗುವುದು. ನೀಲಿ ಓಕ್ ಎಂಬ ಜಾತಿಯು ಈ ಸೀಮೆಯನ್ನು ಬಿಟ್ಟು ಬೇರೆಲ್ಲಿಯೂ ಸ್ವಾಭಾವಿಕವಾಗಿ ಬೆಳೆಯುವುದಿಲ್ಲ. ಈ ನೆಲವು ನಮ್ಮ ಅಮೃತಮಹಲ್ ಕಾವಲುಗಳಂತೆ ಸರ್ಕಾರದ ಸೊತ್ತಲ್ಲ. ಇದರ ಹೆಚ್ಚಿನ ಭಾಗವು ಖಾಸಗಿಯವರ ಹಿಡುವಳಿಯಾಗಿದ್ದು, ದನ ಸಾಕುವ ಕುಟುಂಬಗಳ ಜೀವನಾಧಾರವಾಗಿರುವುದು.

ತೊಡಕೆಲ್ಲ ಇಲ್ಲಿಯೇ ಇದೆ. ದನಗಳಿಂದ ಬರುವ ಆದಾಯ ಅಲ್ಪ. ಪಟ್ಟಣವು ಸಮೀಪಿಸಿದಂತೆ ಮನೆಯ ನಿವೇಶನಕ್ಕೆಂದು ಅದೇ ಭೂಮಿಗೆ ದೊರೆಯುವ ಕ್ರಯ ಅಪಾರ. ಯಜಮಾನನು ಕಾಲವಾದ ಮೇಲೆ ಮಕ್ಕಳಲ್ಲಿ ಒಬ್ಬನು ದನ ಸಾಕುವೆನೆಂದರೂ ಉಳಿದವರ ಪಾಲಿನ ಹಣವನ್ನು ಎಲ್ಲಿಂದ ತಂದಾನು? ಕಾವಲು ತುಂಡುತುಂಡಾಗಿ ಪರಭಾರೆಯಾಗುವುದು. ಪಾಲುಪಾರೀಕತ್ತಿನ ಈ ಕಷ್ಟವನ್ನು ನಮ್ಮ ರೈತರಿಗೆ ವಿವರಿಸಬೇಕಾದುದಿಲ್ಲ.

1965ರಲ್ಲಿ ಅಲ್ಲಿನ ಸರ್ಕಾರವು, ಹತ್ತು ವರ್ಷಗಳ ಕರಾರು ಬರೆದುಕೊಟ್ಟು ಭೂಮಿಯನ್ನು ಸಾಗುವಳಿಗೋ ಮೇವಿಗೋ ಮೀಸಲಿಡುವವರಿಗೆ ತೆರಿಗೆಯನ್ನು ಕಡಮೆಮಾಡುವ ಕಾಯಿದೆಯನ್ನು ತಂದಿತು. ಕರಾರನ್ನು ಮುಂದುವರಿಸದೆ ಬಿಡಲು ಒಡೆಯನಿಗೆ ಸ್ವಾತಂತ್ರ್ಯವಿದ್ದುದರಿಂದ ಅದು ಶಾಶ್ವತವಾದ ಕಾವಲಾಗಲಿಲ್ಲ. 1979ರ ಕಾಯಿದೆಯು ಸಂರಕ್ಷಣಾ ಈಸ್‌ಮೆಂಟ್ ಎಂಬ ಬೇರೊಂದು ದಾರಿಯನ್ನು ತೆರೆಯಿತು. ಇದರಲ್ಲಿ ಒಡೆಯನು ಭೂಮಿಯನ್ನು ಬಿಟ್ಟುಕೊಡುವುದಿಲ್ಲ. ನಿವೇಶನಗಳಾಗಿ ಒಡೆಯುವ ಹಾಗೂ ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಧರ್ಮಸಂಸ್ಥೆಗೋ ಸರ್ಕಾರಕ್ಕೋ ರಿಜಿಸ್ಟರಾದ ಪತ್ರದ ಮೂಲಕ ಕೊಡುವನು. ದನ ಮೇಯಿಸಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ಕೊಂಡವನೂ ವಾರಸುದಾರನೂ ಪತ್ರಕ್ಕೆ ಬದ್ಧರು. ಹಕ್ಕು ಹೋದುದರಿಂದ ಭೂಮಿಯ ಬೆಲೆ ಎಷ್ಟು ಇಳಿಯಿತೋ ಅದೇ ಈಸ್‌ಮೆಂಟಿನ ಬೆಲೆ. ಅದನ್ನು ಹಣವಾಗಿ ಪಡೆದವನು ಉಳಿದವರ ಪಾಲನ್ನು ತೀರಿಸಬಹುದು. ದಾನವಾಗಿ ಕೊಟ್ಟವನಿಗೆ ವರಮಾನ ತೆರಿಗೆಯಲ್ಲಿ ರಿಯಾಯಿತಿ ಉಂಟು.

ದನಗಾರರೇ ಸೇರಿ 1998ರಲ್ಲಿ ಕ್ಯಾಲಿಫೋರ್ನಿಯಾ ರೇಂಜ್‌ಲ್ಯಾಂಡ್ ಟ್ರಸ್ಟನ್ನು ಸ್ಥಾಪಿಸಿದರು. ಸರ್ಕಾರದ ಮೇಲೆ ನಂಬಿಕೆ ಸಾಲದವರು ತಮ್ಮವರ ಕೈಗೆ ಪತ್ರ ಕೊಡಲು ಒಪ್ಪಿದುದು ಸಹಜವೇ. 2005ರಲ್ಲಿ ಸ್ಯಾನ್ ಸಿಮಿಯನ್ ಬಳಿಯ ಹರ್ಸ್ಟ್ ಕಾವಲಿನ ಸುಮಾರು 80,000 ಎಕರೆಗಳ ಈಸ್‌ಮೆಂಟ್ ಈ ಟ್ರಸ್ಟಿನ ವಶಕ್ಕೆ ಬಂದಿತು. ಆ ವ್ಯವಹಾರಕ್ಕೆ ನಗದಾಗಿಯೂ ತೆರಿಗೆಯ ವಜಾ ರೂಪದಲ್ಲಿಯೂ ಒಟ್ಟು 9.5 ಕೋಟಿ ಡಾಲರುಗಳಾದುವು. ಒಡೆಯರು ಕೆಲವು ಮನೆಗಳನ್ನು ಕಟ್ಟುವ ಹಕ್ಕನ್ನು ಉಳಿಸಿಕೊಂಡುದರಿಂದ ಟೀಕೆಯೂ ಬಾರದಿರಲಿಲ್ಲ. ಪತ್ರದ ಒಂದೊಂದು ಷರತ್ತನ್ನೂ ಓದದೆ ಎಕರೆಗಳನ್ನು ಮಾತ್ರ ಎಣಿಸುವುದು ಯುಕ್ತವಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ದೇಶದ 1882ನೆಯ ಈಸ್‌ಮೆಂಟ್ ಕಾಯಿದೆಯು ಒಂದು ಭೂಮಿಯ ಅನುಕೂಲಕ್ಕಾಗಿ ಇನ್ನೊಂದರ ಮೇಲಿರುವ ದಾರಿ, ನೀರು ಮುಂತಾದ ಹಕ್ಕುಗಳನ್ನು ಕುರಿತದ್ದು. ಹತ್ತಿರದಲ್ಲಿ ತನ್ನದೆಂಬ ಜಮೀನಿಲ್ಲದ ಸಂಸ್ಥೆಗೆ ಅದರಲ್ಲಿ ಇಂತಹ ಅವಕಾಶವಿಲ್ಲ.

ಪತ್ರವು ಕಟ್ಟಡವನ್ನು ತಡೆಯಬಲ್ಲುದೇ ಹೊರತು ಮರವನ್ನು ಬೆಳೆಸಲಾರದು. ಅನೇಕ ಸ್ಥಳಗಳಲ್ಲಿ ನೀಲಿ ಓಕಿನ ಹಳೆಯ ಮರಗಳಿದ್ದರೂ ಎಳೆಯ ಮರಗಳು ವಿರಳ. ಮೆಡಿಟರೇನಿಯನ್ ಸೀಮೆಯಿಂದ ಬಂದ ವಾರ್ಷಿಕ ಹುಲ್ಲುಗಳು ಮಣ್ಣಿನ ತೇವವನ್ನು ಹೀರುವುವು. ಬಿಲದ ಪ್ರಾಣಿಗಳು ಬೇರನ್ನು ಕಡಿಯುವುವು. ಜಿಂಕೆ, ದನಗಳು ಚಿಗುರನ್ನು ಮೇಯುವುವು. ಸಸಿಯ ಸುತ್ತಲ ಹುಲ್ಲನ್ನು ಕಿತ್ತು, ಎತ್ತರವಾದ ಕೊಳವೆಯಂತಹ ಮರೆಯನ್ನು ನಿಲ್ಲಿಸಿ, ಕುಡಿಯು ದನದ ಬಾಯಿಗೆ ಎಟುಕದಷ್ಟು ಬೆಳೆಯುವವರೆಗೆ ಅದನ್ನು ತೆಗೆಯದಿರುವುದು ಅಲ್ಲಿ ಅನುಸರಿಸುವ ಕ್ರಮವಾಗಿದೆ.