ಒಂದೇ ಹಾದಿ, ಎರಡು ಬಂಡಾಯ

ಅಳವಂಡಿಯ ಹಳೆಯ ಮನೆಯೊಂದರ ಪಡಸಾಲೆ. ತೊಂಬತ್ತರ ಹತ್ತಿರದ ಹಿರಿಯರೊಬ್ಬರು ಸಂದೂಕದಿಂದ ಬಟ್ಟೆಯ ಗಂಟು ತೆಗೆದು, ಬಿಚ್ಚಿ, ನನ್ನ ಅಂಗೈಗೆ ಒಂದು ಬೆಳ್ಳಿ ರೂಪಾಯಿ ಇಟ್ಟರು. ಒಂದು ಬದಿಗೆ ಚಾರ್‌ಮಿನಾರ್. ಅದರ ಕಮಾನಿನ ನಡುವೆ ನಿಜಾಮ ಉಸ್ಮಾನ್ ಅಲಿ ಖಾನನ ಹೆಸರಿನ ಮೊದಲ ಅಕ್ಷರ ‘ಐನ್’. ಸುತ್ತಲೂ ಅರಬಿ ಲಿಪಿಯ ಬರಹ. ನಾಣ್ಯವನ್ನು ಎಷ್ಟು ಹೊರಳಿಸಿ ನೋಡಿದರೂ ಕನ್ನಡದ ಒಂದಕ್ಷರವೂ ಸಿಗಲಿಲ್ಲ.

‘ಇದು ಹಾಲಿ ಸಿಕ್ಕಾ. ಮುಂಡರಗಿ ಸಂತ್ಯಾಗ ಇದು ನಡೀತಿರಲಿಲ್ರೀ. ಅಲ್ಲಿ ಕಲದಾರ ಬೇಕು’ ಎಂದರು ಅವರು.

ನಿಜಾಮನ ಹಾಲಿ ಸಿಕ್ಕಾ, ಬ್ರಿಟಿಷರ ಕಲದಾರ: ಅಂದಿನಿಂದ ಈ ಎರಡು ರೂಪಾಯಿಗಳ ಲೆಕ್ಕ ನನ್ನ ತಲೆ ಬಿಟ್ಟಿಲ್ಲ. ಅಳವಂಡಿ ಆಗ ಹೈದರಾಬಾದಿನ ನಿಜಾಮನ ಸೀಮೆ. ಪಕ್ಕದ ಮುಂಡರಗಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಎರಡೂ ಕಡೆ ಅದೇ ಎರಿ ಮಣ್ಣು, ಅದೇ ಬಿಳಿಜೋಳ, ಅದೇ ಬೀಗರು. ಆದರೆ ನೂರು ಕಲದಾರಕ್ಕೆ ಹಾಲಿ ಸಿಕ್ಕಾ 116 ರೂಪಾಯಿ, 10 ಆಣೆ, 8 ಪೈ. ಒಕ್ಕಲಿಗನ ಬಾಯಿಲೆಕ್ಕದಲ್ಲಿ ಆರಕ್ಕೆ ಏಳು. ಆಚೆ ಹತ್ತಿ ಮಾರಿದವನ ಕೈಗೆ ಕಲದಾರ ಬರುತ್ತಿತ್ತು. ಈಚೆ ಕಂದಾಯ ಕಟ್ಟಲು ಹಾಲಿ ಬೇಕಿತ್ತು. ನಡುವೆ ಬದಲಿ ಮಾಡಿಕೊಡುವ ಸಾಹುಕಾರ, ಅವನ ವಟ್ಟ. ಅದಕ್ಕೂ ಮೊದಲು ಗಡಿಯಲ್ಲಿ ಕರೋಡಗಿರಿ ನಾಕಾ, ಅಲ್ಲಿ ಸುಂಕ. ರಾಜ್ಯ ಯಾರದು ಎಂಬುದು ಹಳ್ಳಿಯವನಿಗೆ ಫರ್ಮಾನುಗಳಿಂದ ತಿಳಿಯುತ್ತಿರಲಿಲ್ಲ, ಗಂಟಿನಲ್ಲಿದ್ದ ಈ ನಾಣ್ಯದಿಂದ ತಿಳಿಯುತ್ತಿತ್ತು. ಇತಿಹಾಸದ ಪುಸ್ತಕಗಳು ಇದಕ್ಕೆ ಒಂದು ಸಾಲೂ ಕೊಡದಿರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಹಿರಿಯರು ಹಿತ್ತಲಿಗೂ ಕರೆದೊಯ್ದರು. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಹಗೇವಿನ ಬಾಯಿ ತೋರಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಳಿನ ಲೆವಿ ವಸೂಲಿಗೆ ಬಂದವರ ಕಣ್ಣು ತಪ್ಪಿಸಿ, ಆಮೇಲೆ ನಿಜಾಮನ ಪರ ಶಸ್ತ್ರ ಹಿಡಿದ ರಜಾಕಾರರ ಕಣ್ಣು ತಪ್ಪಿಸಿ, ಅವರ ತಾಯಿ ವರ್ಷದ ಜೋಳವನ್ನು ಇಳಿಸಿಟ್ಟಿದ್ದು ಇಲ್ಲೇ. ಮೇಲೆ ಕಣಿಕೆ ಒಟ್ಟಿ, ಪಕ್ಕಕ್ಕೆ ಎಮ್ಮೆ ಕಟ್ಟಿದರೆ ಕೆಳಗೆ ಕಾಳಿದೆ ಎಂದು ಹೊಸಬರಿಗೆ ಹೊಳೆಯುತ್ತಲೇ ಇರಲಿಲ್ಲವಂತೆ. ನನ್ನ ಮಟ್ಟಿಗೆ ಇದು ಬಂಡಾಯವೇ. ಬಂದೂಕು ಹಿಡಿದವರ ಹೊಟ್ಟೆ ತುಂಬಿಸಿದ್ದು ಇಂಥ ಕಾಳೇ ಅಲ್ಲವೇ?

ಬಂದೂಕಿನ ಕಥೆ ಈ ಭಾಗದವರಿಗೆ ಗೊತ್ತಿರುವುದೇ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಊರೂರಿನ ಆಯುಧ ಕಿತ್ತುಕೊಳ್ಳಲು ಹೊರಟಾಗ ಹಲಗಲಿಯ ಬೇಡರು ಸಿಡಿದೆದ್ದರು. ಕಂಪನಿಯ ನೌಕರಿಯಿಂದ ವಜಾ ಆಗಿದ್ದ ಮುಂಡರಗಿ ಭೀಮರಾಯ ಒಳಗೊಳಗೇ ಸಿದ್ಧತೆ ನಡೆಸಿದ್ದ. 1858ರ ಮೇ ತಿಂಗಳಲ್ಲಿ ಹಮ್ಮಿಗಿಯ ಕೆಂಚನಗೌಡನ ವಾಡೆಯಲ್ಲಿ ಬಚ್ಚಿಟ್ಟ ಆಯುಧಗಳು ಸರ್ಕಾರದವರ ಕೈಗೆ ಸಿಕ್ಕವು. ಇನ್ನು ಕಾಯುವಂತಿರಲಿಲ್ಲ. ಡಂಬಳದ ಖಜಾನೆ ಲೂಟಿ ಮಾಡಿ, ಗಡಿ ದಾಟಿ, ಭೀಮರಾಯ ಕೊಪ್ಪಳದ ಕೋಟೆ ಹೊಕ್ಕ. ಅದೇ ದಿನಗಳಲ್ಲಿ, ಮೇ 29ರಂದು, ಸುರೇಬಾನದಲ್ಲಿ ನರಗುಂದದ ಅರಸ ಬಾಬಾಸಾಹೇಬನ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ತೆಗೆದರು. ಜೂನ್ 1ರಂದು ಮೇಜರ್ ಹ್ಯೂಸ್‌ನ ದಂಡು ಕೊಪ್ಪಳದ ಕೋಟೆಗೆ ನುಗ್ಗಿತು. ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲೇ ಬಿದ್ದರು.

ಟಿಪ್ಪು ಫ್ರೆಂಚ್ ಎಂಜಿನಿಯರುಗಳ ಕೈಯಲ್ಲಿ ಬಲಪಡಿಸಿದ ಕೋಟೆ ಅದು. 1790–91ರಲ್ಲಿ ಇಂಗ್ಲಿಷರೂ ನಿಜಾಮನೂ ಸೇರಿ ಮುತ್ತಿದರೂ ತಿಂಗಳುಗಟ್ಟಲೆ ಬಗ್ಗಿರಲಿಲ್ಲ. ಆದರೆ ಎಷ್ಟೇ ಗಟ್ಟಿ ಕೋಟೆಯಾದರೂ ಬೆಂಬಲಕ್ಕೆ ಬರುವ ಸೈನ್ಯವಿಲ್ಲದ ಬಂಡುಕೋರನಿಗೆ ಅದು ಇಲಿಬೋನು.

ತೊಂಬತ್ತು ವರ್ಷ ಕಳೆದ ಮೇಲೆ ಅದೇ ಹಾದಿ ಮತ್ತೆ ಬಿಸಿಯಾಯಿತು, ಈ ಸಲ ತಿರುಗುಮುರುಗಾಗಿ. 1947ರ ಆಗಸ್ಟ್ 15ರಂದು ಮುಂಡರಗಿಯಲ್ಲಿ ತಿರಂಗಾ ಏರಿತು. ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಲು ಒಪ್ಪದ ಕಾರಣ ಅಳವಂಡಿಯಲ್ಲಿ ಅದು ಅಪರಾಧವಾಗಿಯೇ ಉಳಿಯಿತು. ಆಗ ಅಳವಂಡಿಯ ಶಿವಮೂರ್ತಿಸ್ವಾಮಿ ಮುಂಡರಗಿಯಲ್ಲಿ ಹೋರಾಟದ ಶಿಬಿರ ಕಟ್ಟಿದರು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಅವರ ಶಿಬಿರವಿತ್ತು. ಶಿಬಿರದವರು ರಾತ್ರಿ ಗಡಿ ದಾಟಿ ನಾಕಾಗಳ ಮೇಲೆ ಎರಗುತ್ತಿದ್ದರು, ರಜಾಕಾರರನ್ನು ಎದುರಿಸುತ್ತಿದ್ದರು, ಬೆಳಗಾಗುವುದರೊಳಗೆ ಸ್ವತಂತ್ರ ಭಾರತದ ನೆಲಕ್ಕೆ ಮರಳುತ್ತಿದ್ದರು. ಹಿಡಿಯಬೇಕೆಂದರೆ ನಿಜಾಮನ ಪೊಲೀಸರಿಗೆ ಮುತ್ತಿಗೆ ಹಾಕಲು ಒಂದು ಕೋಟೆಯೇ ಇರಲಿಲ್ಲ.

ಇಲ್ಲಿ ನನಗೆ ದೂರದ ಇಂಗ್ಲೆಂಡ್ ನೆನಪಾಗುತ್ತದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಆ ದೇಶ ಗೆದ್ದ. ಇಂಗ್ಲಿಷರ ಬೆಳ್ಳಿ ಪೆನ್ನಿಯನ್ನೂ ಅದನ್ನು ಅಚ್ಚು ಹಾಕುವವರನ್ನೂ ಹಾಗೆಯೇ ಉಳಿಸಿಕೊಂಡ, ಭೂಮಿಯನ್ನು ಮಾತ್ರ ತನ್ನವರಿಗೆ ಹಂಚಿದ. ದರಬಾರಿನಲ್ಲಿ ಫ್ರೆಂಚ್, ಕಡತದಲ್ಲಿ ಲ್ಯಾಟಿನ್. ನಿಜಾಮನ ಕೋರ್ಟು-ಶಾಲೆಗಳಲ್ಲಿ ಉರ್ದು ಕಂಡ ಕನ್ನಡಿಗನಿಗೆ ಆ ಇಂಗ್ಲಿಷ್ ರೈತನ ಸಂಕಟ ಬಿಡಿಸಿ ಹೇಳಬೇಕಿಲ್ಲ. 1070–71ರಲ್ಲಿ ಹೆರೆವರ್ಡ್ ಎಂಬ ಬಂಡುಕೋರ ಜೌಗಿನ ನಡುವಿನ ಈಲಿ ದ್ವೀಪದಲ್ಲಿ ನೆಲೆ ನಿಂತ. ವಿಲಿಯಂ ಜೌಗಿಗೆ ದಾರಿ ಕಟ್ಟಿಸಿ ಒಳಗೆ ಬಂದಾಗ ದ್ವೀಪ ಶರಣಾಯಿತು, ದೊಡ್ಡ ಸರದಾರ ಮೋರ್ಕಾರ್ ಸೆರೆಯಾದ. ಹೆರೆವರ್ಡ್ ಮಾತ್ರ ನೀರಿನ ದಾರಿ ಹಿಡಿದು ತಪ್ಪಿಸಿಕೊಂಡ. ಕೋಟೆ ನಂಬಿದವರಿಗಿಂತ ಹಾದಿ ಬಲ್ಲವರು ಹೆಚ್ಚು ಕಾಲ ಕಾದಾಡುತ್ತಾರೆ ಎಂಬ ನನ್ನ ನಂಬಿಕೆಗೆ ಕೊಪ್ಪಳವೂ ಈಲಿಯೂ ಸಾಕ್ಷಿ.

ಆದರೆ ಮುಂಡರಗಿ ಶಿಬಿರಕ್ಕೆ ಭೀಮರಾಯನಿಗಿಲ್ಲದ ಭಾಗ್ಯವೊಂದಿತ್ತು: ಬೆನ್ನ ಹಿಂದೆ ಒಂದು ಸ್ವತಂತ್ರ ದೇಶ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದು ಸಂಸ್ಥಾನದೊಳಗೆ ನಡೆಯಿತು. 17ರಂದು ನಿಜಾಮ ಶರಣಾದ. 1952ರ ಮೊದಲ ಚುನಾವಣೆಯಲ್ಲಿ ಶಿವಮೂರ್ತಿಸ್ವಾಮಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದರು. ದೊಡ್ಡ ಪಕ್ಷದ ಅಲೆಯ ಎದುರು ಜನ ಶಿಬಿರದ ಮನುಷ್ಯನ ಕೈ ಹಿಡಿದಿದ್ದರು.

ಶಾಲೆಯ ಮಕ್ಕಳು ಪ್ರವಾಸಕ್ಕೆ ಕೊಪ್ಪಳದ ಕೋಟೆ ಹತ್ತುತ್ತಾರೆ, ಹತ್ತಲಿ. ಆ ಬಸ್ಸು ಅಳವಂಡಿಗೂ ಬರಬೇಕು, ಮುಂಡರಗಿಯವರೆಗೂ ಹೋಗಬೇಕು. ನಾಕಾ ಎಲ್ಲಿತ್ತು, ಶಿಬಿರ ಎಲ್ಲಿತ್ತು ಎಂದು ಹೇಳುವ ಫಲಕಗಳು ಆ ಹಾದಿಯಲ್ಲಿ ನಿಲ್ಲಬೇಕು. 1948ನ್ನು ಕಣ್ಣಾರೆ ಕಂಡವರು ಈಗ ಊರಿಗೆ ಒಬ್ಬಿಬ್ಬರು. ಪ್ರತಿ ಸೆಪ್ಟೆಂಬರ್ 17ರಂದು ಧ್ವಜ ಏರಿಸುವ ಪಂಚಾಯಿತಿಗಳು, ಶಾಲೆಗಳು ಮೊದಲು ಅವರ ಮಾತನ್ನು ಮೊಬೈಲಿನಲ್ಲಾದರೂ ದಾಖಲಿಸಿಕೊಳ್ಳಲಿ. ಭಾಷಣ ಮುಂದಿನ ವರ್ಷವೂ ಮಾಡಬಹುದು.