ಪಾರಂಪರಿಕ ನಡಿಗೆ: ಹಿಂದಲ ಗಲ್ಲಿಯಿಂದ ಒಂದು ಓದು

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಪುಸ್ತಕ. ಕಾವ್ಯವನ್ನು, ಕಾದಂಬರಿಯನ್ನು, ಶಾಸನವನ್ನು ಯಾರ ಕಣ್ಣಿನಿಂದ ಓದಬೇಕು ಎಂಬ ಜಗಳವನ್ನು ನಾವು ಬಹಳ ಕಾಲದಿಂದ ಆಡುತ್ತಾ ಬಂದಿದ್ದೇವೆ. ಆದರೆ ಅಕ್ಷರ ಬಾರದವರೂ ದಿನಬೆಳಗಾದರೆ ಓದುವ ಪಠ್ಯವೊಂದಿದೆ. ಅದು ಊರು. ಯಾವ ಬೀದಿ ಬಂದಾಗ ಚಪ್ಪಲಿ ಕೈಗೆ ತೆಗೆದುಕೊಳ್ಳಬೇಕು, ಯಾವ ಬಾವಿಯ ಹತ್ತಿರ ಸುಳಿಯಬಾರದು, ಯಾವ ಜಗಲಿಯಿಂದ ಎಷ್ಟು ದೂರ ನಿಂತು ಕೂಗಬೇಕು ಎಂಬುದನ್ನೆಲ್ಲ ನಮ್ಮ ಹಿರಿಯರು ಓದಿಕೊಂಡೇ ಬದುಕಿದರು. ತಪ್ಪು ಓದಿದರೆ ಏಟು ಬೀಳುತ್ತಿತ್ತು. ಹಾಗಾಗಿ ಊರಿನ ಓದುಗಾರಿಕೆಯಲ್ಲಿ ಕೇರಿಯವರನ್ನು ಮೀರಿಸಿದ ಪಂಡಿತರು ಯಾರೂ ಇಲ್ಲ ಅಂತ ನಾನು ತಿಳಿದಿದ್ದೇನೆ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕತೆಗೆ ‘ಊರುಕೇರಿ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎರಡು ಪದ ಸೇರಿ ಒಂದೇ ಪದವಾಗಿದೆ. ನೆಲದ ಮೇಲೆ ಮಾತ್ರ ಅವು ಇನ್ನೂ ಎರಡಾಗಿಯೇ ಇವೆ.

ಈಗ ನಗರಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪದ್ಧತಿ ಬಂದಿದೆ. ಅದಕ್ಕೆ ಪಾರಂಪರಿಕ ನಡಿಗೆ ಎನ್ನುತ್ತಾರೆ. ಬೆಳಿಗ್ಗೆ ಬಿಸಿಲೇರುವ ಮೊದಲು ಇಪ್ಪತ್ತು ಮೂವತ್ತು ಜನ ಒಂದು ಕಡೆ ಸೇರುತ್ತಾರೆ. ಚರಿತ್ರೆ ಬಲ್ಲವರೊಬ್ಬರು ಮುಂದೆ ನಡೆಯುತ್ತಾರೆ. ಕಟ್ಟಡದ ಮುಂದೆ ನಿಲ್ಲುತ್ತಾರೆ, ಕಟ್ಟಿಸಿದವರು ಯಾರು, ಯಾವ ವರ್ಷ, ಯಾವ ಶೈಲಿ ಎಂದು ಹೇಳಿ ಮುಂದಕ್ಕೆ ಹೋಗುತ್ತಾರೆ. ಎರಡು ಗಂಟೆಯಲ್ಲಿ ಹಳೆಯ ಪಟ್ಟಣದ ನಡುಭಾಗ ಮುಗಿಯುತ್ತದೆ, ಆಮೇಲೆ ದೋಸೆ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಇಂಥವು ನಡೆಯುತ್ತವೆ. ಮೈಸೂರಿನಲ್ಲಂತೂ ದಸರೆಯ ಹೊತ್ತಿಗೆ ಸರ್ಕಾರದ ಪುರಾತತ್ವ ಮತ್ತು ಪರಂಪರೆ ಇಲಾಖೆಯೇ ಏರ್ಪಡಿಸುತ್ತದೆ. ಟಾಂಗಾದಲ್ಲಿ ಕೂರಿಸಿ ತೋರಿಸುವುದೂ ಉಂಟು.

ನಾನು ಬೀರೂರಿನವನು. ನಮ್ಮದು ಜಂಕ್ಷನ್ ಊರು. ಬೆಂಗಳೂರು ಹುಬ್ಬಳ್ಳಿ ಲೈನಿನಿಂದ ಶಿವಮೊಗ್ಗದ ಕಡೆಗೆ ಹಳಿ ಕವಲೊಡೆಯುವುದು ನಮ್ಮಲ್ಲಿಯೇ. ಊರಿಗೆ ಬಂದವರು ನೋಡುವುದು ಸ್ಟೇಷನ್ನು ಮತ್ತು ಮೈಲಾರಲಿಂಗನ ಗುಡಿ. ದಸರೆಯ ಹೊತ್ತಿನಲ್ಲಿ ಕಾರಣಿಕ ಕೇಳುವುದಕ್ಕೆ ಸುತ್ತಲ ಸೀಮೆಯ ಜನ ಬರುತ್ತಾರೆ. ನಡೆಸಿಕೊಂಡು ಹೋಗಿ ತೋರಿಸುವಂಥ ಅರಮನೆ ಗಿರಮನೆ ಏನೂ ಇಲ್ಲ. ಹಾಗಾಗಿ ಇಂಥದ್ದೊಂದು ನಡಿಗೆ ಹೇಗಿರುತ್ತದೆ ನೋಡೋಣ ಎಂದು ರಾತ್ರಿ ರೈಲು ಹತ್ತಿ ಮೈಸೂರಿಗೆ ಹೋದೆ. ಗೆಳೆಯರೊಬ್ಬರು ಒಂದು ಗುಂಪಿಗೆ ಸೇರಿಸಿದ್ದರು.

ಮೈಸೂರಿನ ಇಂಥ ನಡಿಗೆಗಳು ಸಾಮಾನ್ಯವಾಗಿ ಪುರಭವನದಿಂದ ಹೊರಡುತ್ತವೆ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನ್ ರಂಗಾಚಾರ್ಲು ಅವರ ಸ್ಮಾರಕ ಅದು. ರಾಜನ ಮುಂದೆ ಪ್ರಜೆಗಳು ಕೂತು ಮಾತಾಡುವ ಏರ್ಪಾಡು ಭಾರತದ ಸಂಸ್ಥಾನಗಳಲ್ಲೇ ಮೊದಲು ಎಂದು ಹೇಳುತ್ತಾರೆ, ನಿಜ. ಆದರೆ ಆ ಮೊದಲ ಸಭೆಗೆ ಬಂದ ಪ್ರಜೆಗಳು ಜಮೀನುದಾರರು ಮತ್ತು ವ್ಯಾಪಾರಿಗಳು. ಪ್ರಜೆ ಎಂಬ ಮಾತಿನ ಅಳತೆ ಎಷ್ಟಿತ್ತು ಎಂಬುದನ್ನು ಅಲ್ಲೇ ನಿಂತು ಕೇಳಿಕೊಳ್ಳಬಹುದು. ಏಕೆಂದರೆ ಅದೇ ಪುರಭವನದ ಆವರಣದಲ್ಲಿ ಬಾಬಾಸಾಹೇಬರ ಪ್ರತಿಮೆ ಇದೆ. ಏಪ್ರಿಲ್ 14ರಂದು ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಗುಂಪು ಆ ಪ್ರತಿಮೆಯ ಹತ್ತಿರವೇ ಸೇರಿತ್ತು. ಎಲ್ಲರೂ ಅದಕ್ಕೆ ಬೆನ್ನು ಮಾಡಿ ಎದುರಿನ ದೊಡ್ಡ ಗಡಿಯಾರವನ್ನು ನೋಡಲು ತೊಡಗಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ ಗೋಪುರ ಅದು. ನೋಡಬೇಕಾದದ್ದೇ. ಬೆನ್ನು ಮಾಡಿದ್ದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಪ್ರತಿಮೆ ಹಳೆಯದಲ್ಲವಲ್ಲ, ಪರಂಪರೆಯ ಪಟ್ಟಿಗೆ ಅದು ಬರುವುದಿಲ್ಲ, ಅಷ್ಟೆ. ಪರಂಪರೆ ಎಂಬ ಪದ ಏನು ಮಾಡುತ್ತದೆ ಎಂಬುದು ನನಗೆ ಅರ್ಥವಾಗಿದ್ದು ಅಲ್ಲಿಂದ.

ಅಲ್ಲಿಂದ ಚಾಮರಾಜ ವೃತ್ತ, ಅರಮನೆಯ ಹೊರಗೋಡೆ, ಕೆ.ಆರ್. ವೃತ್ತ. 1897ರಲ್ಲಿ ಹಳೆಯ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್‌ನ ನಕ್ಷೆಯಂತೆ 1912ರ ಹೊತ್ತಿಗೆ ಹೊಸದು ಮುಗಿಯಿತು. ಖರ್ಚು ನಲವತ್ತೊಂದು ಲಕ್ಷ ರೂಪಾಯಿಯ ಮೇಲೆ. ನಕ್ಷೆ ಬರೆದವನ ಹೆಸರು ಇದೆ, ಖರ್ಚಿನ ಲೆಕ್ಕ ಇದೆ. ಈ ಸೀಮೆಯ ಕೋಟೆ ಕೆರೆ ಕಟ್ಟಡಗಳಿಗೆ ಕಲ್ಲು ಒಡೆದ ಕಲ್ಲುವಡ್ಡರು, ಬುಟ್ಟಿ ಹೊತ್ತ ಮಣ್ಣುವಡ್ಡರು ಇಂಥ ಕಥನದಲ್ಲಿ ‘ಕೂಲಿಯಾಳುಗಳು’ ಎಂಬ ಒಂದೇ ಪದಕ್ಕೆ ಇಳಿಯುತ್ತಾರೆ. ಅತ್ತ ಕಡೆ ಒಮ್ಮೆ ಬಂದು ಹೋದ ವೈಸರಾಯ್‌ಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಕಟ್ಟಡ: ಡಫರಿನ್‌ಗೆ ದೇವರಾಜ ಮಾರುಕಟ್ಟೆಯ ಹತ್ತಿರದ ಚಿಕ್ಕ ಗಡಿಯಾರ, ಲ್ಯಾನ್ಸ್‌ಡೌನ್‌ಗೆ ಆ ಉದ್ದನೆಯ ಅಂಗಡಿ ಸಾಲು. ಆ ಸಾಲಿನಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ಹಾಸ್ಟೆಲ್ ಹುಡುಗರು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಳ್ಳುತ್ತಿದ್ದ ಜಾಗ ಅದು. 2012ರಲ್ಲಿ ಅದರ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗವೂ ಬಿತ್ತು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ಕೋರ್ಟಿನವರೆಗೂ ಹೋಯಿತು. ಆ ವಾದದಲ್ಲಿ ಕಮಾನಿನ ವಿಚಾರ ಬಂದಷ್ಟು ಹೂವಿನವರ, ಎಲೆಯವರ ವಿಚಾರ ಬರಲಿಲ್ಲ ಎಂಬುದು ನನ್ನ ಅನಿಸಿಕೆ.

ಇಲ್ಲಿ ಒಂದು ಮಾತು. ಮಾರುಕಟ್ಟೆಯ ಮುಂದಿನ ದಾರಿಯ ಹೆಸರು ಸಯ್ಯಾಜಿರಾವ್ ರಸ್ತೆ. ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರು ಅದು. 1913ರಲ್ಲಿ ಅಂಬೇಡ್ಕರರನ್ನು ವಿದ್ಯಾರ್ಥಿವೇತನ ಕೊಟ್ಟು ಅಮೆರಿಕದ ಕೊಲಂಬಿಯಾಕ್ಕೆ ಕಳಿಸಿದವರು ಅವರೇ. ಓದಿ ಬಂದ ಅಂಬೇಡ್ಕರರು 1917ರಲ್ಲಿ ಬರೋಡದ ಕೆಲಸಕ್ಕೆ ಸೇರಿದಾಗ ಇಡೀ ಪಟ್ಟಣದಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಜಾತಿ ಮರೆಮಾಚಿ ಹಿಡಿದಿದ್ದ ಪಾರ್ಸಿ ವಸತಿಗೃಹದಿಂದಲೂ ಓಡಿಸಿದರು. ರಾಜ ಕೊಟ್ಟದ್ದೂ ನಿಜ, ಬೀದಿ ಕೊಡದೆ ಇದ್ದದ್ದೂ ನಿಜ. ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಈ ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಎರಡು ನಿಮಿಷ ಸಾಕು. ನಾಲ್ವಡಿಯವರ ಬಗೆಗೂ ನಾವು ಹೀಗೆಯೇ ಮಾತಾಡಬೇಕಾಗುತ್ತದೆ. ಮಿಲ್ಲರ್ ಸಮಿತಿಯ ವರದಿಯ ಮೇಲೆ 1921ರಲ್ಲಿ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಜಾಗ ಮಾಡಿಕೊಟ್ಟ ಆಳ್ವಿಕೆ ಅದು. ಪಂಚಮರ ಮಕ್ಕಳಿಗೆ ವಸತಿಶಾಲೆ ತೆರೆದ ಆಳ್ವಿಕೆ ಅದು. ರಾಜನನ್ನು ಬೈದುಬಿಟ್ಟರೆ ಮುಗಿಯುವ ವಿಮರ್ಶೆ ನಮಗೆ ಬೇಡ.

ಮಾರುಕಟ್ಟೆಯ ಹತ್ತಿರ ಒಬ್ಬ ಹೆಂಗಸು ರಸ್ತೆ ಗುಡಿಸುತ್ತಿದ್ದರು. ಗುಂಪಿನವರು ಫೋಟೋ ತೆಗೆಯಬೇಕಿತ್ತು. ‘ಒಂದ್ ನಿಮಿಷ ಈ ಕಡೆ ಬರ್ತೀರಾಮ್ಮ’ ಎಂದು ಯಾರೋ ಮರ್ಯಾದೆಯಿಂದಲೇ ಕೇಳಿದರು. ಆಕೆ ಪೊರಕೆ ಹಿಡಿದು ಪಕ್ಕಕ್ಕೆ ಬಂದು ನನ್ನ ಹತ್ತಿರ ನಿಂತರು.

‘ಏನ್ ನೋಡಕ್ ಬಂದಿದಿರಿ ಸಾ?’

‘ಹಳೇ ಮೈಸೂರು ಅಕ್ಕ.’

‘ಹಳೇದು ಇಲ್ಲೆಲ್ಲಿ? ಇದ್ನ ವರ್ಸ ವರ್ಸ ಬಣ್ಣ ಬಳೀತಾರೆ. ಹಳೇದ್ ನೋಡ್ಬೇಕಂದ್ರೆ ಹಿಂದ್ಲು ಕನ್ಸರ್ವೆನ್ಸಿಗೆ ಹೋಗಿ. ನಮ್ಮವ್ವ ಅಲ್ಲೇ ಬಕೀಟು ಹೊತ್ಕೊಂಡು ಓಡಾಡಿದ್ದು.’

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ವಾಸ ಮಾಡಿದವರಿಗೆ ಕನ್ಸರ್ವೆನ್ಸಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ವಿವರಿಸುತ್ತೇನೆ. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಕಡೆ, ನಡುವೆ ಒಬ್ಬಿಬ್ಬರು ನಡೆಯುವಷ್ಟು ಅಗಲದ ಓಣಿ ಇರುತ್ತದೆ. ಮನೆಯ ಮುಂಬಾಗಿಲು ರಸ್ತೆಗೆ, ಕಕ್ಕಸಿನ ಸಣ್ಣ ಕಿಂಡಿ ಈ ಓಣಿಗೆ. ಜಲಗಾರರು ಬೆಳಗಿನ ಜಾವ ಈ ಓಣಿಯಲ್ಲಿ ಬಂದು, ಆ ಕಿಂಡಿಯಿಂದ ಮಲವನ್ನು ಬಾಚಿ ತುಂಬಿಕೊಂಡು, ತಲೆಯ ಮೇಲೆ ಹೊತ್ತು, ಯಾರ ಕಣ್ಣಿಗೂ ಬೀಳದಂತೆ ಹೋಗಬೇಕು. 1890ರ ದಶಕದ ಕೊನೆಯ ಪ್ಲೇಗು ಬಂದು ಹೋದ ಮೇಲೆ ಗಾಳಿ, ಬೆಳಕು, ಚರಂಡಿ ಎಂಬ ಮಾತುಗಳು ನಗರದ ಕಲ್ಪನೆಯೊಳಗೆ ಬಂದವು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಅಗಲ ರಸ್ತೆ, ನೇರ ಸಾಲು, ವೃತ್ತ, ಉದ್ಯಾನ, ಎಲ್ಲ ಆಧುನಿಕವೇ. ಆದರೆ ಆ ಆಧುನಿಕ ನಕ್ಷೆಯೊಳಗೇ ಒಂದು ಜಾತಿಗೆಂದು ಪ್ರತ್ಯೇಕ ದಾರಿ ಕೊರೆದಿದ್ದರು. ಹಳ್ಳಿಯಲ್ಲಿ ಕೇರಿ ಊರಾಚೆ ಇದ್ದರೆ, ಇಲ್ಲಿ ಕೇರಿಯವರ ದಾರಿ ಪ್ರತಿ ಮನೆಯ ಬೆನ್ನಿಗೇ ಅಂಟಿಕೊಂಡಿತ್ತು. ಮನೆಯವರಿಗೆ ಅವರ ಮುಖ ಕಾಣುತ್ತಿರಲಿಲ್ಲ, ಅಷ್ಟೆ. ಕುವೆಂಪು 1928ರಲ್ಲಿ ‘ಜಲಗಾರ’ ನಾಟಕದಲ್ಲಿ ಶಿವನನ್ನೇ ಬೀದಿ ಗುಡಿಸುವವನ ಹತ್ತಿರಕ್ಕೆ ಕರೆತಂದರು. ಅದು ದೊಡ್ಡ ಮಾತೇ. ಆದರೆ ಜಲಗಾರನಿಗೆ ಶಿವ ಸಿಕ್ಕಿದ ಮೇಲೂ ಆ ಓಣಿಯ ಕೆಲಸ ಇನ್ನೂ ನಲವತ್ತು ವರ್ಷ ಮೀರಿ ನಡೆಯಿತು.

ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಲು ಆದೇಶ ಮಾಡಿದವರು 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಆಮೇಲೆ ಆದದ್ದು ಈ ಸಂಚಿಕೆಯ ಓದುಗರಿಗೆ ಗೊತ್ತೇ ಇದೆ: ಗಲಭೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಸಚಿವರ ರಾಜೀನಾಮೆ. ಅದರ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ನಮ್ಮ ಬೀರೂರಿನಿಂದ ಶಿವಮೊಗ್ಗ ಲೈನಿನಲ್ಲಿ ಸಿಗುವ ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಅದನ್ನು ಕಟ್ಟಿದರು. ದಲಿತ ವಿಮರ್ಶೆ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರ ಒಂದು ಬೇರು ಮೈಸೂರಿನ ಈ ಬೀದಿಗಳಲ್ಲಿದೆ. ಅದನ್ನು ಗುರುತಿಸುವ ಒಂದು ಕಲ್ಲನ್ನು ಆ ದಾರಿಯಲ್ಲಿ ನಾನು ಕಾಣಲಿಲ್ಲ. ಮಲ ಹೊರುವುದನ್ನು ನಿಷೇಧಿಸಲು ಕೇಂದ್ರದ ಕಾಯ್ದೆ 1993ರಲ್ಲಿ ಬಂತು, 2013ರಲ್ಲಿ ಮತ್ತೊಂದು ಬಂತು. ಮೈಸೂರು 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂದು ಮೊದಲ ಸ್ಥಾನ ಪಡೆಯಿತು. ಆ ಹೆಸರನ್ನು ಗಳಿಸಿಕೊಟ್ಟವರು ಫೋಟೋದ ಚೌಕಟ್ಟಿನಿಂದ ಪಕ್ಕಕ್ಕೆ ಬಂದು ನಿಲ್ಲುತ್ತಾರೆ.

ನಡಿಗೆ ಮುಗಿದ ಮೇಲೆ ನಾನು ದೋಸೆಗೆ ಹೋಗದೆ ದಕ್ಷಿಣಕ್ಕೆ ನಡೆದೆ. ಅಗ್ರಹಾರ ದಾಟಿ ಅಶೋಕಪುರಂ. ಈ ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಗ್ರಹಾರ ತನ್ನ ಹೆಸರನ್ನು ಹಾಗೇ ಉಳಿಸಿಕೊಂಡಿದೆ. ಬಸ್ಸಿನವರೂ ಹಾಗೇ ಕೂಗುತ್ತಾರೆ. ಅಶೋಕಪುರಂ ಒಂದು ಕಾಲಕ್ಕೆ ದೊಡ್ಡ ಹೊಲಗೇರಿ. ಆಮೇಲೆ ಆದಿಕರ್ನಾಟಕಪುರ. ಆಮೇಲೆ ಅಶೋಕನ ಹೆಸರು, ಬುದ್ಧನ ದಾರಿ, ಅಂಬೇಡ್ಕರ್ ಪಾರ್ಕು. ಪರಂಪರೆಯ ಗೆಳೆಯರಿಗೆ ಹಳೆಯ ಹೆಸರು ಅಳಿಯುವುದೆಂದರೆ ಸಂಕಟ. ನಮ್ಮವರಿಗೆ ಅದು ಬಿಡುಗಡೆ. ಹಾಗಾದರೆ ಆ ಕನ್ಸರ್ವೆನ್ಸಿ ಓಣಿಗಳನ್ನು ಏನು ಮಾಡಬೇಕು? ಹಲವನ್ನು ಮನೆಯವರು ಒತ್ತುವರಿ ಮಾಡಿಕೊಂಡಿದ್ದಾರೆ, ಕೆಲವು ಮುಚ್ಚಿವೆ. ಅವನ್ನು ಸಂರಕ್ಷಿಸಿ ಬೋರ್ಡು ಹಾಕಬೇಕೇ? ನನ್ನ ಜೊತೆಗಿದ್ದ ವಿದ್ಯಾರ್ಥಿಯೊಬ್ಬ ಹಾಕಲೇಬೇಕು ಎಂದ. ಅಶೋಕಪುರದಲ್ಲಿ ಟೀ ಕುಡಿಸಿದ ಹಿರಿಯರು, ‘ಬೇಡ ಕಣಪ್ಪ, ಆ ವಾಸನೆ ನಮ್ ತಲೆಗೇ ಮುಗೀಲಿ’ ಎಂದರು. ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು.

ಇನ್ನೊಂದು ಸಂಗತಿ ಇದೆ. ನಡೆಯುವುದು ನಮಗೆ ಹವ್ಯಾಸವಾಗಿ ಬಂದದ್ದಲ್ಲ. 1924ರ ಮಾರ್ಚ್ 30ರಂದು ತಿರುವಾಂಕೂರಿನ ವೈಕಂನಲ್ಲಿ ಸತ್ಯಾಗ್ರಹ ಶುರುವಾದದ್ದು ದೇವಸ್ಥಾನದ ಒಳಗೆ ಹೋಗುವುದಕ್ಕೂ ಅಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆಯುವುದಕ್ಕೆ. ಮೂರು ಪಕ್ಕದ ರಸ್ತೆ ತೆರೆಯಲು ಒಂದೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು. ರಸ್ತೆಯ ಮೇಲೆ ನಡೆದಾಡುವ ಹಕ್ಕಿಗೆ ಇಷ್ಟು ಹತ್ತಿರದ ಚರಿತ್ರೆ ಇರುವಾಗ, ನಗರ ತೋರಿಸುವವರು ಒಂದು ಪ್ರಶ್ನೆಯನ್ನು ಬಿಡುವಂತಿಲ್ಲ: ಈ ಬೀದಿಯಲ್ಲಿ ಯಾರು ನಡೆಯುವಂತಿರಲಿಲ್ಲ, ಯಾವಾಗಿನಿಂದ ನಡೆದರು? ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ, ಹುಡುಕುವ ಕಷ್ಟವಿಲ್ಲ. ಈ ಪ್ರಶ್ನೆಗೆ ಉತ್ತರ ಗೆಜೆಟಿಯರಿನಲ್ಲಿ ಸಿಗುವುದಿಲ್ಲ. ಕೇರಿಯ ಮುದುಕಮ್ಮಂದಿರನ್ನು ಕೂರಿಸಿಕೊಂಡು ಕೇಳಬೇಕು. ಕಡೂರು, ತರೀಕೆರೆ, ಅಜ್ಜಂಪುರ, ಯಾವ ಊರಾದರೂ ಸರಿ. ಇದಕ್ಕೆ ಅರಮನೆ ಬೇಕಿಲ್ಲ. ಒಂದು ನೋಟ್‌ಬುಕ್ಕು, ನಾಲ್ಕೈದು ಜನ ಹುಡುಗ ಹುಡುಗಿಯರು, ಎರಡು ಮೂರು ಭಾನುವಾರ ಸಾಕು. ಹೇಳಿದವರ ಒಪ್ಪಿಗೆ ಇಲ್ಲದೆ ಅವರ ಹೆಸರು ಹೇಳಬಾರದು, ಅವರ ಮನೆಯ ಮುಂದೆ ಜನ ನಿಲ್ಲಿಸಿ ತೋರಿಸಬಾರದು. ಕೇರಿಯನ್ನು ಪ್ರದರ್ಶನಕ್ಕೆ ಇಡುವ ನಡಿಗೆಗಿಂತ ನಡಿಗೆ ಇಲ್ಲದಿರುವುದೇ ವಾಸಿ.

ಊರಿಗೆ ಬಂದು ಚಿಕ್ಕಪ್ಪನಿಗೆ ಇದೆಲ್ಲ ಹೇಳಿದೆ. ಆತ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದು ನಿವೃತ್ತನಾದವನು. ಹೆಗಲ ಮೇಲೆ ಸುತ್ತಿಗೆ ಹೊತ್ತು, ಹಳಿಯ ಒಂದೊಂದು ಕೀಲನ್ನೂ ನೋಡುತ್ತಾ ದಿನಕ್ಕೆ ಮೈಲಿಗಟ್ಟಲೆ ನಡೆದವನು.

‘ದುಡ್ ಕೊಟ್ಟು ನಡೀತಾರಾ?’ ಎಂದು ನಕ್ಕ. ಆಮೇಲೆ, ‘ನಮ್ ಬೀರೂರಲ್ಲಿ ಮಾಡಿದ್ರೆ ಎಲ್ಲಿಂದ ಶುರು ಮಾಡ್ತೀಯ?’

‘ಸ್ಟೇಷನ್ನಿಂದ ಚಿಕ್ಕಪ್ಪ. ಅಲ್ಲಿಂದ ಪೇಟೆ, ಆಮೇಲೆ ಮೈಲಾರಲಿಂಗನ ಗುಡಿ, ಕೊನೆಗೆ ನಮ್ ಕೇರಿ.’

‘ಕೊನೆಗ್ಯಾಕೆ? ಅಷ್ಟೊತ್ಗೆ ಜನಕ್ಕೆ ಸುಸ್ತಾಗಿರ್ತತೆ. ಕೇರಿಯಿಂದ ಶುರು ಮಾಡು, ನಾನೂ ಬರ್ತೀನಿ. ಸ್ಟೇಷನ್ನಿಗೆ ಕೊನೆಗೆ ಹೋಗಾನ. ಅಲ್ಲಿ ಕೂರಾಕೆ ಬೆಂಚೈತೆ.’