ಮಳೆಗಾಲದಲ್ಲಿ ಲಂಕೆಗೆ ಹೋಗಿ ಕೆರೆ ನೋಡಿ ಬಂದೆ

2023ರ ಬರ ಯಾರಿಗೆ ನೆನಪಿಲ್ಲ? ನಮ್ಮ ಚಳ್ಳಕೆರೆ ಕಡೆ ಶೇಂಗಾ ಕಿತ್ತ ಕೂಲಿಯೂ ಹುಟ್ಟಲಿಲ್ಲ. ಊರ ಕೆರೆ ಅಂಗಳದಲ್ಲಿ ಜಾಲಿ ಬಿಟ್ಟರೆ ಬೇರೇನಿಲ್ಲ. ಆಗ ಕೊಲಂಬೊದ ಗಾರ್ಮೆಂಟ್ಸ್‌ನಲ್ಲಿರುವ ಅಳಿಯ ಫೋನ್ ಮಾಡಿ, "ಮಾವ, ಹೊಲದಲ್ಲಿ ಹೇಗೂ ಕೆಲಸ ಇಲ್ಲ. ನವೆಂಬರ್‌ನಲ್ಲಿ ಬಂದುಬಿಡಿ. ಮಳೆ ಅಂತ ಪ್ರವಾಸಿಗರು ಕಡಿಮೆ, ಟಿಕೆಟ್ಟು ರೂಮು ಎಲ್ಲಾ ಅಗ್ಗ" ಅಂದ. ಮಳೆ ಹೇಗಿರುತ್ತೆ ಅಂತ ನೋಡೋದಕ್ಕಾದರೂ ಹೋಗೋಣ ಅಂತ ಹೊರಟೆ.

ಎರಡು ಮಳೆಗಾಲದ ದೇಶ

ಶ್ರೀಲಂಕಾದ ಮಳೆಗಾಲ ಯಾವಾಗ ಎಂದು ಕೇಳಿದರೆ, ಯಾವ ದಿಕ್ಕಿನದು ಎಂದು ತಿರುಗಿ ಕೇಳುತ್ತಾರೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲೆ ಕಡೆ ಮಳೆ. ಆಗ ಪೂರ್ವದ ತ್ರಿಂಕೋಮಲಿ ಕಡೆ ಒಣ ಹವೆ. ಅಕ್ಟೋಬರ್-ನವೆಂಬರ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಆಮೇಲೆ ಹಿಂಗಾರು ಉತ್ತರ-ಪೂರ್ವಕ್ಕೆ ಸುರಿಯುತ್ತದೆ. ಈ ಮಳೆಯ ಬೆಳೆಗೆ ಅವರು 'ಮಹಾ' ಅನ್ನುತ್ತಾರೆ, ಮೇ ನಂತರದ ಬೆಳೆಗೆ 'ಯಾಲ'.

ಸಮುದ್ರ ನೋಡುವವರಿಗೆ ಮಳೆ ಅಡ್ಡಿ. ರೈತನಿಗೆ ಅದೇ ಸರಿಯಾದ ಕಾಲ. ಬೇಸಿಗೆಯಲ್ಲಿ ಹೋದರೆ ಬರೀ ಏರಿ, ತೂಬು ನೋಡಿ ಬರಬೇಕು. ನೀರು ಎಲ್ಲಿಂದ ಬರುತ್ತೆ, ಹೂಳು ಎಲ್ಲಿ ನಿಲ್ಲುತ್ತೆ ಅನ್ನೋದು ಮಳೆಯಲ್ಲಿ ಮಾತ್ರ ಕಾಣುತ್ತೆ.

ಅವರ 'ಒಣ ಸೀಮೆ'

ಅನುರಾಧಪುರದ ಕಡೆಯನ್ನು ಒಣ ಸೀಮೆ ಅನ್ನುತ್ತಾರೆ. ವರ್ಷಕ್ಕೆ 1750 ಮಿ.ಮೀ.ಗಿಂತ ಕಡಿಮೆ ಮಳೆ ಬಿದ್ದರೆ ಅವರ ಲೆಕ್ಕದಲ್ಲಿ ಒಣ ನಾಡು! 500 ಮಿ.ಮೀ. ಬಂದರೆ ಹಬ್ಬ ಮಾಡುವ ನನಗೆ ನಗು ಬಂತು. ಆದರೆ ಅಲ್ಲಿ ಹೆಚ್ಚಿನ ಮಳೆ ಮೂರ್ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಮೇ ನಂತರ ಬಿಸಿಗಾಳಿ ನೀರು ಹೀರುತ್ತದೆ. ಅದಕ್ಕೇ ಕೆರೆ ಕಟ್ಟಿದರು. ಕಲಾವೆವ ಎಂಬ ದೊಡ್ಡ ಕೆರೆಯನ್ನು 5ನೇ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ. ಅಲ್ಲಿಂದ ಅನುರಾಧಪುರಕ್ಕೆ 87 ಕಿ.ಮೀ. ಕಾಲುವೆ. ಮೊದಲ 27 ಕಿ.ಮೀ.ನಲ್ಲಿ ಇಳಿಜಾರು ಕಿಲೋಮೀಟರಿಗೆ ಸುಮಾರು 10 ಸೆಂ.ಮೀ. ಮಾತ್ರ. ನಾವು ಒಂದು ಫರ್ಲಾಂಗ್ ಕಾಲುವೆ ತೆಗೆದರೆ ಮೂರು ಕಡೆ ನೀರು ನಿಲ್ಲುತ್ತೆ.

ಹೂಳು ತಡೆಯುವ ಉಪಾಯ

ಸಣ್ಣ ಊರ ಕೆರೆಗಳು ಸರವಾಗಿವೆ. ಒಂದರ ಕೋಡಿ ನೀರು ಕೆಳಗಿನದಕ್ಕೆ. ಈ ಸರಕ್ಕೆ 'ಎಲ್ಲಂಗಾವ' ಎಂದು ಹೆಸರು. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಕೃಷಿ ಪರಂಪರೆ ಎಂದು ಗುರುತಿಸಿತು. ಸರಗೆರೆ ನಮ್ಮಲ್ಲೂ ಇದ್ದವು. ನನ್ನ ಕಣ್ಣಿಗೆ ಬಿದ್ದದ್ದು ಏರಿಯಲ್ಲ, ಕೆರೆಯ ಮೇಲ್ಭಾಗ.

ಆಟೋದವನಿಗೆ ತಮಿಳು ಬರುತ್ತಿತ್ತು. ಬೋರ್‌ವೆಲ್ ಲಾರಿಯವರಿಂದ ಕಲಿತ ನನ್ನ ಅರೆಬರೆ ತಮಿಳಿನಲ್ಲಿ ಕೇಳಿ ತಿಳಿದುಕೊಂಡೆ. ನೀರು ಬರುವ ಕಡೆ ಮರಗಳ ಸಾಲು 'ಗಸ್‌ಗೊಮ್ಮನ'. ಗಾಳಿ ತಡೆದು ನೀರು ಆರುವುದನ್ನು ಕಡಿಮೆ ಮಾಡುತ್ತೆ. ಅದರ ಜೊತೆ ಹುಲ್ಲಿನ ಪಟ್ಟಿ 'ಪೆರಹನ'. ಹರಿದು ಬಂದ ಮಣ್ಣು ಹುಲ್ಲಿನಲ್ಲೇ ಸೋಸಿ ನಿಲ್ಲುತ್ತೆ. ಏರಿಯ ಕೆಳಗೆ, ಗದ್ದೆಗೆ ಮೊದಲು, ಗಿಡಮರಗಳ ಪಟ್ಟಿ 'ಕಟ್ಟಕಡುವ'. ಅದು ಜೌಗಿನ ಉಪ್ಪನ್ನು ಗದ್ದೆಗೆ ಇಳಿಯದಂತೆ ತಡೆಯುತ್ತೆ.

ಇನ್ನೊಂದು ಪದ್ಧತಿ 'ಬೆತ್ಮ'. ಕೆರೆ ಪೂರ್ತಿ ತುಂಬದ ವರ್ಷ ಏರಿ ಹತ್ತಿರದ ಗದ್ದೆ ಮಾತ್ರ ಬೆಳೆಯುವುದು, ಆದರೆ ಆ ಗದ್ದೆಯನ್ನು ಆ ಬೆಳೆಯ ಮಟ್ಟಿಗೆ ಎಲ್ಲರೂ ಹಂಚಿಕೊಳ್ಳುವುದು. ಇದನ್ನು ಕೇಳಿ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಊಟಕ್ಕೆ 'ಕುರಕ್ಕನ್ ತಲಪ' ಕೊಟ್ಟರು. ನೋಡಿದರೆ ನಮ್ಮ ರಾಗಿಮುದ್ದೆ!

ಹೋಗುವವರಿಗೆ

ತಿರುಗಾಟ ಬೆಳಿಗ್ಗೆಯೇ ಮುಗಿಸಿ. ಕಾಲಿಗೆ ಗಾಯವಿದ್ದರೆ ಗದ್ದೆ ನೀರಿಗೆ ಇಳಿಯಬೇಡಿ, ಇಲಿಜ್ವರ ಬರಬಹುದು. ಸೊಳ್ಳೆಯಿಂದ ಡೆಂಗಿ ಭಯವೂ ಇದೆ. ಸಂಜೆ ಮೇಲೆ ಕೆರೆ ಕಡೆ ಆನೆ ಬರುತ್ತವೆ. ಹವಾಮಾನ ವರದಿ ಕೇಳದೆ ಗುಡ್ಡದ ಕಡೆ ಹೋಗಲೇಬೇಡಿ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದು ಪ್ರವಾಹ, ಭೂಕುಸಿತದಲ್ಲಿ ನೂರಾರು ಜನ ಸತ್ತರು. ಅಗ್ಗ ಅಂತ ಜೀವ ಪಣಕ್ಕಿಡಬಾರದು.

ಊರಿಗೆ ಬಂದ ಮೇಲೆ

ಹಿಂದೆ ನಮ್ಮ ಕೆರೆ ಹೂಳನ್ನು ಜೆಸಿಬಿಯಿಂದ ತೆಗೆಸಿದ್ದರು. ಎರಡೇ ದೊಡ್ಡ ಮಳೆಗೆ ಮತ್ತೆ ತುಂಬಿತ್ತು. ಈ ಸಲ ನಾವು ನಾಲ್ಕು ಮನೆಯವರು ಹಳ್ಳ ಕೆರೆಗೆ ಸೇರುವ ಕಡೆ 20 ಅಡಿ ಉಳುಮೆ ಬಿಟ್ಟು ಲಾವಂಚ, ಹೊಂಗೆ ಹಾಕಿದೆವು. 2024ರ ಮಳೆಗೆ ಲಾವಂಚದ ಹಿಂದೆ ಗೇಣುದ್ದ ಮಣ್ಣು ನಿಂತಿತು. ಅದನ್ನೇ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆದೆವು.

ಕಟ್ಟೆ ಮೇಲೆ ಬೆತ್ಮದ ಮಾತು ಎತ್ತಿದೆ. "ನಿನ್ನ ಮುಕ್ಕಾಲು ಎಕರೆ ಅಚ್ಚುಕಟ್ಟಿನ ಬಾಲದಲ್ಲಿದೆ, ಅದಕ್ಕೇ ಹೇಳ್ತೀಯ" ಎಂದು ಹಿರಿಯರು ನಕ್ಕರು. ಅದೂ ನಿಜವೇ. ಆದರೆ ಮುಂದಿನ ಬರ ಬರುವ ಮೊದಲು ಇನ್ನೊಮ್ಮೆ ಎತ್ತುತ್ತೇನೆ. ನಿಮ್ಮೂರಲ್ಲಿ ನೀರು ಹಂಚಿಕೊಳ್ಳುವ ಇಂಥ ಪದ್ಧತಿ ಇದ್ದರೆ ದಯವಿಟ್ಟು ಬರೆಯಿರಿ.